ದಾನದ ಪುಸ್ತಕಕ್ಕೆ ಕೆಂಪು ರಟ್ಟು

ದಾನ ಬಂದ ಪುಸ್ತಕದ ಗಂಟು ಬಿಚ್ಚುವ ಮೊದಲು ಮೂಗು ಮುಚ್ಚಿಕೊಳ್ಳಬೇಕು. ಗ್ರಂಥಾಲಯ ವಿಜ್ಞಾನದ ತರಗತಿಯಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಇಲಿಯ ಉಚ್ಚೆ, ಜಿರಳೆಯ ಮೊಟ್ಟೆ, ಅಟ್ಟದ ಮೇಲೆ ವರ್ಷಗಟ್ಟಲೆ ಮುಗ್ಗಿದ ಕಾಗದ, ಅದರ ಮೇಲೆ ಯಾರೋ ಪುಣ್ಯಾತ್ಮರು ಪುಡಿ ಮಾಡಿ ಉದುರಿಸಿದ ನುಸಿಗುಳಿಗೆ, ಇಷ್ಟೂ ಸೇರಿ ಒಂದು ವಾಸನೆಯಾಗಿ ಸೀರೆಗೆ ಹತ್ತಿಕೊಳ್ಳುತ್ತದೆ. ಮಧ್ಯಾಹ್ನ ಊಟದ ಡಬ್ಬಿ ತೆರೆದರೆ ಮೊಸರನ್ನಕ್ಕೂ ಅದೇ ವಾಸನೆ. ನಾನು ಮೈಸೂರಿನ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸಹಾಯಕ ಗ್ರಂಥಪಾಲಕಿ. ಯಾವ ವಿಶ್ವವಿದ್ಯಾಲಯ ಎಂದು ಹೇಳುವುದಿಲ್ಲ, ಈ ಊರಿನಲ್ಲಿ ಅವಕ್ಕೇನೂ ಬರವಿಲ್ಲ. ಮೊದಲು ಮುಂದಿನ ಕೌಂಟರಿನಲ್ಲಿ ಕೂರುತ್ತಿದ್ದೆ. ನನ್ನ ನಾಲಿಗೆ ಸರಿಯಿಲ್ಲ ಎಂದು ಎಬ್ಬಿಸಿ, ನೆಲಮಾಳಿಗೆಯ ದಾನ ವಿಭಾಗಕ್ಕೆ ಹಾಕಿದರು. ಅಲ್ಲಿ ಮಾತಾಡಲು ಪುಸ್ತಕಗಳು ಮಾತ್ರ ಇರುತ್ತವೆ ಎಂದುಕೊಂಡಿರಬೇಕು.

ಜನ ಏನೇನು ದಾನ ಕೊಡುತ್ತಾರೆ ಎಂದು ಹೇಳಿದರೆ ನೀವು ನಂಬುವುದಿಲ್ಲ. ಯಾವ ಕಾಲದ್ದೋ ಟೆಲಿಫೋನ್ ಡೈರೆಕ್ಟರಿ. ಮಗ ಪಾಸಾದ ಮೇಲೆ ಬೇಡವಾದ ಸಿಇಟಿ ಗೈಡು. ಅಡುಗೆ ಪುಟವನ್ನಷ್ಟೇ ಕತ್ತರಿಸಿಕೊಂಡು ಉಳಿದದ್ದನ್ನು ಕೊಟ್ಟ ವಾರಪತ್ರಿಕೆಗಳು. ಎಲೆಯಡಿಕೆ ರಸ ಬಿದ್ದು ಹಾಳೆಗಳು ಒಂದಕ್ಕೊಂದು ಅಂಟಿಹೋದ ಆದಾಯ ತೆರಿಗೆ ಕೈಪಿಡಿ. ಒಮ್ಮೆ ಒಂದು ಧಾರ್ಮಿಕ ಗ್ರಂಥದ ನಡುವೆ ಕತ್ತರಿಸಿದ ಉಗುರಿನ ಚೂರುಗಳು ಸಿಕ್ಕಿದವು, ಎಲ್ಲಿಯವರೆಗೆ ಓದಿದ್ದೇವೆ ಎಂಬ ಗುರುತಿಗೆ ಇಟ್ಟುಕೊಂಡಿದ್ದರೋ ಏನೋ. ಅವತ್ತು ನಾನು ಊಟ ಮಾಡಲಿಲ್ಲ. ರದ್ದಿಯವನು ಬೇಡ ಎಂದದ್ದು ನಮಗೆ ಬರುತ್ತದೆ. ರದ್ದಿಯವನು ಶಾಲು ಹೊದಿಸುವುದಿಲ್ಲ, ನಾವು ಹೊದಿಸುತ್ತೇವೆ, ವ್ಯತ್ಯಾಸ ಅಷ್ಟೇ.

ಅಗ್ರಹಾರದ ಒಬ್ಬ ಯಜಮಾನರು ಹಳೇ ಮನೆ ಒಡೆಸುವ ಮುಂಚೆ ಒಂದು ಗೂಡ್ಸ್ ಆಟೋ ತುಂಬ ಹೇರಿಕೊಂಡು ಬಂದರು. ಬಿಚ್ಚಿದರೆ ಮುಕ್ಕಾಲು ಪಾಲು ಬ್ಯಾಂಕಿನ ಡೈರಿ, ಪಂಚಾಂಗ. ಬೇಡ ಎಂದೆ. ತಮ್ಮ ತಂದೆಯವರ ಹೆಸರಿನಲ್ಲಿ ಪ್ರತ್ಯೇಕ ಕಪಾಟು ಬೇಕು, ಗಾಜಿನದ್ದು, ಬಾಗಿಲ ಹತ್ತಿರವೇ ಇರಲಿ ಎಂದರು. ನಾನು ಮತ್ತೆ ಬೇಡ ಎಂದೆ. ಅವರು ನೆಟ್ಟಗೆ ಮೇಲಿನ ಮಹಡಿಗೆ ಹೋಗಿ ನಮ್ಮ ಸಾಹೇಬರನ್ನು ಕಂಡರು. ಮಾರನೇ ದಿನ ಪತ್ರಿಕೆಯಲ್ಲಿ ಫೋಟೊ, 'ಅಪೂರ್ವ ಗ್ರಂಥಗಳ ಕೊಡುಗೆ'. ಆ ಪಂಚಾಂಗಗಳು ಈಗಲೂ ಗಾಜಿನ ಹಿಂದೆ ಇವೆ. ಕಳೆದು ಹೋದ ವರ್ಷಗಳ ರಾಹುಕಾಲ ಯಾರಿಗಾದರೂ ಬೇಕಿದ್ದರೆ ಬಂದು ನೋಡಬಹುದು.

ಕೊಳ್ಳುವ ಪುಸ್ತಕಗಳ ಕತೆ ಇನ್ನೂ ಹೇಸಿಗೆ. ವರ್ಷವಿಡೀ ವಿದ್ಯಾರ್ಥಿಗಳು ಬೇಕಾದ ಪುಸ್ತಕದ ಹೆಸರು ಬರೆದು ಡಬ್ಬಿಗೆ ಹಾಕುತ್ತಾರೆ. ಆ ಡಬ್ಬಿಯ ಬೀಗದ ಕೈ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ. ಮಾರ್ಚ್ ತಿಂಗಳು ಬಂದರೆ ಅನುದಾನ ವಾಪಸು ಹೋಗುತ್ತದೆ ಎಂಬ ಗಾಬರಿ. ಆಗ ಪುಸ್ತಕದ ಏಜೆಂಟರು ಮೈಸೂರ್ ಪಾಕಿನ ಡಬ್ಬಿ ಹಿಡಿದು ಹಲ್ಲು ಕಿರಿಯುತ್ತ ಹಾಜರಾಗುತ್ತಾರೆ. ಅವರ ಗೋದಾಮಿನಲ್ಲಿ ಏನು ಉಳಿದಿದೆಯೋ ಅದು ನಮ್ಮ ಸಂಗ್ರಹವಾಗುತ್ತದೆ. ವ್ಯಕ್ತಿತ್ವ ವಿಕಸನ, ಒಂದೇ ಪುಸ್ತಕ ಮೂರು ರಕ್ಷಾಪುಟದಲ್ಲಿ, ನಮ್ಮದೇ ಪ್ರಾಧ್ಯಾಪಕರ ಪ್ರಬಂಧ ಕಟ್ಟುಗಟ್ಟಲೆ. ಇವುಗಳ ವಾಸನೆ ಮಾತ್ರ ಚೆನ್ನಾಗಿರುತ್ತದೆ, ಹೊಸ ಕಾಗದದ್ದು. ಯಾರೂ ತೆರೆಯದೆ ಇರುವುದರಿಂದ ಆ ವಾಸನೆ ಬಹಳ ವರ್ಷ ಬಾಳುತ್ತದೆ ಕೂಡ.

ನಮ್ಮ ಸಾಹೇಬರು, ಅಂದರೆ ಮುಖ್ಯ ಗ್ರಂಥಪಾಲಕರು, ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. ಯಾರ ಮನೆಯಲ್ಲಿ ಸಾವಾದರೂ ಮೊದಲು ಹೋಗುವವರು, ನನ್ನ ತಾಯಿಯ ಕಣ್ಣಿನ ಆಪರೇಷನ್ನಿಗೆ ರಜೆ ಕೇಳಿದಾಗ ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟವರು. ಅವರ ರೋಗ ಒಂದೇ, ಸಮಾರಂಭ. ಒಂದು ಸಂಗ್ರಹ ಬಂತೆಂದರೆ ಅದು ಯಾರಿಗೆ ಬೇಕು ಎಂದು ಅವರು ಕೇಳುವುದಿಲ್ಲ, ಯಾರ ಕೈಲಿ ಟೇಪು ಕಟ್ ಮಾಡಿಸೋಣ ಎಂದು ಕೇಳುತ್ತಾರೆ. ಅದಕ್ಕಾಗಿ ನಮ್ಮಲ್ಲಿ ಒಂದು ಪದ್ಧತಿ ಬೆಳೆದುಬಿಟ್ಟಿದೆ. ದಾನದ ಸಂಗ್ರಹ ಉದ್ಘಾಟನೆ ಆಗುವವರೆಗೆ ಯಾರಿಗೂ ಓದಲು ಕೊಡುವಂತಿಲ್ಲ. ಎಲ್ಲಿಯೂ ಬರೆದ ನಿಯಮವಲ್ಲ ಇದು. ಮದುವೆಗೆ ಮುಂಚೆ ಹೆಣ್ಣನ್ನು ಆಚೆ ಕಳಿಸಬಾರದು ಎನ್ನುವ ಹಾಗೆ ಎಲ್ಲರೂ ಒಪ್ಪಿಕೊಂಡು ಕೂತಿದ್ದಾರೆ.

ಇಂಥ ಕಡೆಗೆ ಆ ಮೇಡಂ ಅವರ ಪುಸ್ತಕಗಳನ್ನು ತಂದದ್ದು ನಾನು.

ಅವರು ನಿವೃತ್ತ ಕನ್ನಡ ಅಧ್ಯಾಪಕಿ. ಹುಟ್ಟಿನಿಂದಲೇ ಕಣ್ಣಿಲ್ಲ. ಜಯಲಕ್ಷ್ಮಿಪುರಂನಲ್ಲಿ ಮಹಡಿ ಮೇಲಿನ ಒಂದು ಪುಟ್ಟ ಮನೆ. ಫೋನು ಮಾಡಿ, ಪುಸ್ತಕ ಕೊಡಬೇಕು ಬನ್ನಿ ಎಂದಾಗ ನಾನು ಎಂದಿನಂತೆ ಮುಖಕ್ಕೆ ಕಟ್ಟಿಕೊಳ್ಳುವ ಬಟ್ಟೆಯನ್ನು ಬ್ಯಾಗಿನಲ್ಲಿ ಇಟ್ಟುಕೊಂಡೇ ಹೋಗಿದ್ದೆ. ಅದು ಬೇಕಾಗಲಿಲ್ಲ. ಕೋಣೆಯ ಒಂದು ಗೋಡೆಗೆ ಉದ್ದಕ್ಕೂ ಹಲಗೆ, ಅದರ ಮೇಲೆ ದಪ್ಪ ದಪ್ಪ ಪುಸ್ತಕಗಳು ಒತ್ತೊತ್ತಾಗಿ ಅಲ್ಲ, ಒಂದಕ್ಕೊಂದು ಜಾಗ ಬಿಟ್ಟು ನಿಂತಿದ್ದವು. ನಡುವೆ ಒಣಗಿದ ಬೇವಿನ ಸೊಪ್ಪು. ಒಂದು ಹುಳವಿಲ್ಲ, ಒಂದು ಕಣ ಧೂಳಿಲ್ಲ.

ಎಲ್ಲವೂ ಬ್ರೈಲ್ ಪುಸ್ತಕಗಳು, ಅವರೇ ಕೈಯಾರೆ ಚುಚ್ಚಿದವು. ನಾನು ಅಲ್ಲಿಯವರೆಗೆ ಬ್ರೈಲನ್ನು ಚಿತ್ರದಲ್ಲಿ ನೋಡಿದ್ದೆ, ಅಷ್ಟೇ. ತೂತುಗಳ ಸಾಲಿರುವ ಒಂದು ಲೋಹದ ಪಟ್ಟಿಯ ನಡುವೆ ದಪ್ಪ ಹಾಳೆ ಸಿಕ್ಕಿಸಿ, ಮೊಂಡು ದಬ್ಬಳದಂಥ ಕಡ್ಡಿಯಿಂದ ಒಂದೊಂದೇ ಚುಕ್ಕಿ ಒತ್ತಬೇಕು. ಬಲದಿಂದ ಎಡಕ್ಕೆ, ತಿರುಗುಮುರುಗಾಗಿ ಒತ್ತಬೇಕು, ಹಾಳೆ ಮಗುಚಿದಾಗ ಆ ಕಡೆ ಚುಕ್ಕಿ ಉಬ್ಬಿ ಎಡದಿಂದ ಬಲಕ್ಕೆ ಓದಿಸಿಕೊಳ್ಳುತ್ತದೆ. ದಪ್ಪ ಹಾಳೆ ಕೊಳ್ಳುವ ಅನುಕೂಲ ಆಗ ಇರಲಿಲ್ಲವಂತೆ. ಗೋಡೆಯ ಹಳೇ ಕ್ಯಾಲೆಂಡರು, ಬಟ್ಟೆ ಅಂಗಡಿಯ ರಟ್ಟು, ದೊಡ್ಡ ಮದುವೆಯ ಕರೆಯೋಲೆ, ಸಿಕ್ಕಿದ್ದರ ಮೇಲೆಲ್ಲ ಚುಚ್ಚಿದ್ದರು. ಕಣ್ಣಿದ್ದವರು ನೋಡಿದರೆ ಲಕ್ಷ್ಮಿಯ ಮುಖದ ಮೇಲೆ, ನಂದಿ ಬೆಟ್ಟದ ಮೇಲೆ, ವಧೂವರರ ಹೆಸರಿನ ಮೇಲೆ ಬರೀ ಗುಳ್ಳೆ ಗುಳ್ಳೆ. ಅಂಚಿಗೆ ತೂತು ಮಾಡಿ ಲಂಗದ ಲಾಡಿಯಿಂದ ಸಡಿಲವಾಗಿ ಕಟ್ಟಿದ್ದರು.

ಆ ಗುಳ್ಳೆಗಳಲ್ಲಿ ಹಳಗನ್ನಡ ಕಾವ್ಯಗಳಿದ್ದವು, ಛಂದಸ್ಸು ಇತ್ತು, ವ್ಯಾಕರಣ ಇತ್ತು, ಪದ್ಯಪದ್ಯಕ್ಕೂ ಮೇಡಂ ತಾವೇ ಬರೆದುಕೊಂಡ ಅರ್ಥವಿತ್ತು. ಓದಿ ಹೇಳಿದವರು ಅವರ ಅಕ್ಕ. ಆಕೆ ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ. ಅಡುಗೆ ಮುಗಿಸಿ, ಕೈ ಒರೆಸಿಕೊಂಡು ಬಂದು ಕೂತು, ಅರ್ಥವಾಗದ ಹಳಗನ್ನಡವನ್ನು ಅಕ್ಷರ ಅಕ್ಷರವಾಗಿ ಕೂಡಿಸಿ ಓದುತ್ತಿದ್ದರಂತೆ. ತಪ್ಪು ಓದಿದರೆ ತಂಗಿ ರೇಗುವುದು, ನೀನೇ ಓದಿಕೋ ಹೋಗು ಎಂದು ಅಕ್ಕ ಎದ್ದು ಹೋಗುವುದು, ಸ್ವಲ್ಪ ಹೊತ್ತಿಗೆ ಕಾಫಿ ಹಿಡಿದು ವಾಪಸು ಬರುವುದು. ಹಾಗೆ ಕೂತು ಇಬ್ಬರೂ ಒಂದು ಎಂ.ಎ. ಪಠ್ಯವನ್ನೇ ಮುಗಿಸಿದ್ದರು. ಅಕ್ಕ ಈಗಿಲ್ಲ. ಮೇಡಂ ಬೆರಳ ಗಿಣ್ಣುಗಳು ಊದಿಕೊಂಡಿದ್ದವು, ಕಡ್ಡಿ ಹಿಡಿಯಲು ಆಗುತ್ತಿರಲಿಲ್ಲ, ಓದಲು ಮಾತ್ರ ಆಗುತ್ತಿತ್ತು.

ಅವರಿಗೆ ಪುಸ್ತಕ ಕೊಟ್ಟು ಹೆಸರು ಮಾಡುವ ಆಸೆಯೇನೂ ಇರಲಿಲ್ಲ. ನಮ್ಮಲ್ಲಿ ಕನ್ನಡ ಎಂ.ಎ. ಓದುವ ಹುಡುಗಿಯೊಬ್ಬಳಿದ್ದಳು, ಕೊಳ್ಳೇಗಾಲದ ಕಡೆಯವಳು, ಅವಳಿಗೂ ಕಣ್ಣಿಲ್ಲ. ಅವಳ ವಿಷಯ ಯಾರಿಂದಲೋ ತಿಳಿದು ಕೊಟ್ಟದ್ದು. ಎಲ್ಲ ವಿಷಯದಲ್ಲೂ ಪಾಸಾಗಿ ಹಳಗನ್ನಡದಲ್ಲಿ ಮಾತ್ರ ಉಳಿದುಕೊಂಡಿದ್ದಳು. ಈಗ ಮೊಬೈಲೇ ಓದಿ ಹೇಳುತ್ತದಲ್ಲ ಎಂದು ಎಲ್ಲರೂ ಅವಳಿಗೆ ಬುದ್ಧಿ ಹೇಳುತ್ತಿದ್ದರು. ಮೊಬೈಲು ಹಳಗನ್ನಡ ಓದುವುದನ್ನು ನಾನು ಕೇಳಿದ್ದೇನೆ. ಪದ ಎಲ್ಲಿ ಒಡೆಯಬೇಕೋ ಅಲ್ಲಿ ಒಡೆಯದೆ, ಹಳೇ ಅಕ್ಷರ ಬಂದಲ್ಲಿ ನುಂಗಿಕೊಂಡು, ಬಸ್ ನಿಲ್ದಾಣದಲ್ಲಿ ಊರಿನ ಹೆಸರು ಕೂಗುವ ಧಾಟಿಯಲ್ಲಿ ಓದುತ್ತದೆ. ಹೆಚ್ಚಿನ ಪುಸ್ತಕಗಳಂತೂ ಬರೀ ಫೋಟೊ, ಅದಕ್ಕೆ ಓದಲೇ ಬರುವುದಿಲ್ಲ. ಆ ವರ್ಷದ ಪರೀಕ್ಷೆ ಅವಳ ಕೊನೆಯ ಅವಕಾಶ. ಉಳಿದರೆ ಹಾಸ್ಟೆಲೂ ಇಲ್ಲ, ಪದವಿಯೂ ಇಲ್ಲ, ಮನೆಗೆ ಹೋಗಿ ಕೂರಬೇಕು.

ಮೇಡಂ ನನಗೆ ಒಂದೇ ಮಾತು ಹೇಳಿದರು. "ಮೇಲೆ ಭಾರ ಹೇರಬೇಡಿ, ಬಿಗಿಯಾಗಿ ಕಟ್ಟಬೇಡಿ. ಇದು ಮಸಿಯಲ್ಲಿ ಬರೆದಿರೋದಲ್ಲ ಕಣಮ್ಮ, ಉಬ್ಬು. ಉಬ್ಬು ಹೋದ್ರೆ ಪುಸ್ತಕ ಹೋಯ್ತು."

ನಾನು ಅವನ್ನು ಕಾರಿನ ಹಿಂದಿನ ಸೀಟಿನಲ್ಲಿ ನಿಲ್ಲಿಸಿಕೊಂಡು, ಉಬ್ಬುತಗ್ಗು ಬಂದಲ್ಲೆಲ್ಲ ಬಾಣಂತಿಯನ್ನು ಕರೆದೊಯ್ಯುವವರ ಹಾಗೆ ನಿಧಾನ ಮಾಡಿ ತಂದೆ. ನೆಲಮಾಳಿಗೆಯಲ್ಲಿ ಒಂದು ಕಪಾಟು ಪೂರ್ತಿ ಖಾಲಿ ಮಾಡಿ ನಿಲ್ಲಿಸಿದೆ. ಹುಡುಗಿ ಅವತ್ತೇ ಬಂದಳು. ಒಂದು ಸಂಪುಟ ತೆರೆದು ಎರಡೂ ಕೈಯ ತೋರುಬೆರಳನ್ನು ಸಾಲಿನ ಮೇಲೆ ಓಡಿಸಿದಳು. ಮೊದಲು ತಡವರಿಸಿ, ಆಮೇಲೆ ಓಟಕ್ಕೆ ಬಿದ್ದು, ಒಂದು ಪದ್ಯ ಓದಿಬಿಟ್ಟಳು. ಪದ ಎಲ್ಲಿ ಒಡೆಯಬೇಕೋ ಅಲ್ಲೇ ಒಡೆದಳು. ಕೆಳಗೆ ಮೇಡಂ ಬರೆದಿದ್ದ ಅರ್ಥ ಸಿಕ್ಕಿದಾಗ ಒಬ್ಬಳೇ ನಕ್ಕಳು. ಈ ಕೆಲಸಕ್ಕೆ ಸೇರಿದ ಮೇಲೆ ನನಗೆ ಸಂತೋಷವಾದ ದಿನಗಳು ಬಹಳ ಇಲ್ಲ, ಅದೊಂದು.

ಇವತ್ತಿನಿಂದಲೇ ಓದಲಿ ಎಂದು ಸಾಹೇಬರಿಗೆ ಹೇಳಿದೆ. ಅವರು ಹೌಹಾರಿದರು. ಮಾನ್ಯತಾ ಸಮಿತಿಯವರು ಬರುವವರಿದ್ದರು, ವಿಶ್ವವಿದ್ಯಾಲಯಕ್ಕೆ ದರ್ಜೆ ಕೊಡುವ ಸಮಿತಿ. ಅವರ ಕೈಯಿಂದಲೇ ಇದನ್ನು ಉದ್ಘಾಟನೆ ಮಾಡಿಸಬೇಕು ಎಂದು ಸಾಹೇಬರು ಆಗಲೇ ತಲೆಯಲ್ಲಿ ಚಪ್ಪರ ಹಾಕಿಯಾಗಿತ್ತು. ಉದ್ಘಾಟನೆ ಆಗದ ಪುಸ್ತಕ ಮುಟ್ಟಿಸುವುದು ಹೇಗೆ, ಇನ್ನು ಸ್ವಲ್ಪ ದಿನ ತಾನೆ ಎಂದರು. ನಾನು ಪರೀಕ್ಷೆಯ ಮಾತು ಎತ್ತಿದೆ. ಓದುವ ಹುಡುಗಿ ಎಲ್ಲಿದ್ದರೂ ಓದುತ್ತಾಳೆ ಎಂದರು. ಜಗಳವಾಡಿದೆ, ಆಗಲಿಲ್ಲ. ಕೊನೆಗೆ ಮೇಡಂ ಹೇಳಿದ ಮಾತನ್ನಾದರೂ ಕಿವಿಗೆ ಹಾಕೋಣ ಎಂದು, ಮೇಲೆ ಏನೂ ಭಾರ ಇಡಿಸಬೇಡಿ ಎಂದು ಎರಡೆರಡು ಸಲ ಹೇಳಿದೆ. ಅದಕ್ಕೆ ಅವರು ಪ್ರಾಮಾಣಿಕವಾಗಿ ತಲೆಯಾಡಿಸಿದರು. ಅದಾದ ವಾರದಲ್ಲೇ ನನ್ನನ್ನು ಧಾರವಾಡಕ್ಕೆ ಪುನಶ್ಚೇತನ ಶಿಬಿರಕ್ಕೆ ಕಳಿಸಿದರು. ಸಂಗ್ರಹವನ್ನು ವೈಜ್ಞಾನಿಕವಾಗಿ ಕಾಪಾಡುವುದು ಹೇಗೆ ಎನ್ನುವುದೇ ಶಿಬಿರದ ವಿಷಯ.

ವಾಪಸು ಬಂದದ್ದು ಸಮಾರಂಭದ ಬೆಳಿಗ್ಗೆ. ಬಾಗಿಲಿಗೆ ಮಾವಿನ ತೋರಣ, ರಂಗೋಲಿ, ಹಾಲ್‌ನಲ್ಲಿ ಫಿನಾಯಿಲ್ ವಾಸನೆ ಮತ್ತು ಉಪ್ಪಿಟ್ಟಿನ ವಾಸನೆ ಒಟ್ಟಿಗೆ. ವೇದಿಕೆಯ ಪಕ್ಕದಲ್ಲಿ ಹೊಸ ಗಾಜಿನ ಕಪಾಟು. ಒಳಗೆ ಒಂದೇ ಎತ್ತರದ, ಒಂದೇ ಬಣ್ಣದ, ಕೆಂಪು ಕ್ಯಾಲಿಕೋ ಬಟ್ಟೆ ಹೊದ್ದ ಪುಸ್ತಕಗಳು ಕವಾಯತಿನ ಪೊಲೀಸರ ಹಾಗೆ ನಿಂತಿದ್ದವು. ಯಾವ ಪುಸ್ತಕ ಇವು ಎಂದು ನಾನೇ ಕೇಳಿದೆ. ಮೇಡಂ ಅವರವೇ ಎಂದರು ಅಲ್ಲಿದ್ದವರು. ಒಂದು ಕಪಾಟು ತುಂಬಿದ್ದ ಪುಸ್ತಕಗಳು ಅರ್ಧ ಕಪಾಟಿಗೆ ಇಳಿದಿದ್ದವು.

ಸಾಹೇಬರು ಹೊಸ ಸೂಟಿನಲ್ಲಿ ಬಂದರು, ಮುಖದ ತುಂಬ ಹಿಗ್ಗು. ಹಳೇ ಕ್ಯಾಲೆಂಡರಿನ ಕಂತೆಯನ್ನು ಸಮಿತಿಯವರ ಮುಂದೆ ಇಡುವುದು ಹೇಗೆ, ಲಂಗದ ಲಾಡಿ ನೋಡಿ ಅವರು ಏನೆಂದುಕೊಂಡಾರು ಎಂದು, ಎಲ್ಲವನ್ನೂ ಬೈಂಡಿಂಗಿಗೆ ಕಳಿಸಿದ್ದರು. ಅಲ್ಲಿ ಎಲ್ಲ ಪುಸ್ತಕಕ್ಕೆ ಮಾಡುವುದನ್ನೇ ಇದಕ್ಕೂ ಮಾಡಿದ್ದಾರೆ. ಅಂಚು ಸಮ ಬರಲಿ ಎಂದು ಮೂರು ಕಡೆ ಕತ್ತರಿಸಿ, ಅಂಟು ಬಳಿದು, ಕಬ್ಬಿಣದ ಪ್ರೆಸ್ಸಿನ ನಡುವೆ ಇಟ್ಟು, ತಿರುಪು ಬಿಗಿದು, ಒಣಗುವವರೆಗೆ ಬಿಟ್ಟಿದ್ದಾರೆ. ಭಾರ ಹಾಕಬೇಡಿ ಎಂದು ಹೇಳಿದ್ದೆನಲ್ಲ ಎಂದೆ.

"ಒಂದು ಕಡ್ಡಿ ಭಾರ ಇಟ್ಟಿಲ್ಲ ಕಣ್ರೀ, ನಾನೇ ನಿಂತು ನೋಡ್ಕೊಂಡಿದೀನಿ," ಎಂದರು. "ಬೈಂಡ್ ಮಾತ್ರ ಮಾಡ್ಸಿದೀವಿ. ಚುಕ್ಕಿ ಎಲ್ಲ ಹಂಗೇ ಇದಾವೆ, ತೆಗೆದು ನೋಡಿ ಬೇಕಾದ್ರೆ."

ಒಂದನ್ನು ತೆಗೆದು ನೋಡಿದೆ. ನಿಜ, ಚುಕ್ಕಿಗಳಿದ್ದವು. ಲಕ್ಷ್ಮಿಯ ಮುಖದ ಮೇಲೆ ಸಣ್ಣ ಸಣ್ಣ ಕಲೆಗಳಾಗಿ ಸಾಲಾಗಿ ಕಾಣುತ್ತಿದ್ದವು. ಕಣ್ಣಿದ್ದವರಿಗೆ ಚೆನ್ನಾಗಿಯೇ ಕಾಣುತ್ತಿದ್ದವು. ಕೈಯಾಡಿಸಿದೆ. ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ನುಣ್ಣಗಿತ್ತು. ಮೊದಲ ಪುಟದ ಮೇಲೆ ನಮ್ಮ ಗ್ರಂಥಾಲಯದ ಮುದ್ರೆ ಬೇರೆ ಗುದ್ದಿದ್ದರು. ಸಾಹೇಬರ ಮುಖ ನೋಡಿದೆ. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಬ್ರೈಲ್ ಎಂದರೆ ಕುರುಡರಿಗಾಗಿ ಬೇರೆ ಥರದ ಮಸಿ ಎಂದುಕೊಂಡಿದ್ದರು. ಇಷ್ಟು ವರ್ಷ ಪುಸ್ತಕದ ನಡುವೆ ಕೂತ ಮನುಷ್ಯ. ನನಗೆ ಅವರ ಮೇಲೆ, ಆ ಕೆಂಪು ಬಟ್ಟೆಯ ಮೇಲೆ, ಆ ತೋರಣದ ಮೇಲೆ, ನನ್ನ ಸಂಬಳದ ಮೇಲೆ ಕೂಡ ಹೇಸಿಗೆಯಾಯಿತು. ಜಗಳಕ್ಕೆ ಬಾಯಿ ತೆರೆಯುವಷ್ಟರಲ್ಲಿ ಸಮಿತಿಯವರ ಕಾರು ಬಂತು, ಸಾಹೇಬರು ಓಡಿದರು. ಮೇಡಂ ಆಗಲೇ ಮೊದಲನೇ ಸಾಲಿನಲ್ಲಿ ಕೂತಿದ್ದರು, ಪಕ್ಕದಲ್ಲಿ ಹುಡುಗಿ. ಅವರ ಹತ್ತಿರ ಹೋಗಿ ಹೇಳಬೇಕೆಂದು ಎರಡು ಸಲ ಎದ್ದೆ. ಏನೆಂದು ಹೇಳುವುದು ಎಂದು ತಿಳಿಯದೆ ಎರಡು ಸಲವೂ ಕೂತೆ.

ಭಾಷಣಗಳಾದವು. ಕಣ್ಣಿಲ್ಲದವರಿಗೆ ನಮ್ಮ ಗ್ರಂಥಾಲಯ ಕಣ್ಣಾಗಿದೆ ಎಂದು ಸಾಹೇಬರು ಹೇಳಿದಾಗ ಸಮಿತಿಯವರು ಏನೋ ಗುರುತು ಹಾಕಿಕೊಂಡರು. ಮೇಡಂಗೆ ಮೈಸೂರು ಪೇಟ ಇಟ್ಟರು, ಶಾಲು ಹೊದಿಸಿದರು, ಮಡಿಲಿಗೆ ಹಣ್ಣಿನ ಬುಟ್ಟಿ ಹೇರಿದರು. ಪುಸ್ತಕ ಓದುತ್ತಿರುವ ಫೋಟೊ ಬೇಕು ಎಂದು ಫೋಟೊದವನು ಕೇಳಿದ. ಒಂದು ಕೆಂಪು ಸಂಪುಟ ಅವರ ಕೈಗೆ ಬಂತು.

ಮೇಡಂ ರಟ್ಟು ತೆಗೆದು ಬೆರಳಿಟ್ಟರು. ಒಂದು ಸಾಲಿನ ಉದ್ದಕ್ಕೂ ಹೋದರು, ಕೆಳಗಿನ ಸಾಲಿಗೆ ಬಂದರು. ಹಾಳೆ ಮಗುಚಿದರು. ನಡುವೆ ಎಲ್ಲೋ ತೆರೆದರು, ಕೊನೆಯಲ್ಲಿ ತೆರೆದರು. ಸ್ವಲ್ಪ ನಗಿ ಮೇಡಂ ಎಂದ ಫೋಟೊದವನು. ಅವರು ನಗಲೂ ಇಲ್ಲ, ಸಿಟ್ಟೂ ಮಾಡಲಿಲ್ಲ, ನನ್ನನ್ನು ಕರೆದರು.

"ಇದು ಯಾವ್ದೋ ಖಾಲಿ ಪುಸ್ತಕ ಕೊಟ್ಬುಟ್ಟಿದಾರೆ ಕಣಮ್ಮ. ನಂದು ತಗೊಂಡು ಬನ್ನಿ."

ನಾನು ಮಾತಾಡುವ ಮುಂಚೆ ಸಾಹೇಬರು ಬಾಗಿ, ನಿಮ್ಮದೇ ಮೇಡಂ, ನೋಡಿ, ಚುಕ್ಕಿ ಎಲ್ಲ ಎಷ್ಟು ಚೆನ್ನಾಗಿ ಕಾಣುತ್ತಿವೆ ಎಂದರು. ನೋಡಿ ಎಂದರು. ಸಮಿತಿಯ ಅಧ್ಯಕ್ಷರು ಚಪ್ಪಾಳೆ ತಟ್ಟಿದ್ದರಿಂದ ಎಲ್ಲರೂ ತಟ್ಟಿದರು. ಆ ಸಮಿತಿ ಆಮೇಲೆ ತನ್ನ ವರದಿಯಲ್ಲಿ ನಮ್ಮ ಈ ಸಂಗ್ರಹವನ್ನು ಬೇರೆಯವರಿಗೆ ಮಾದರಿ ಎಂದು ಹೊಗಳಿತು. ಅದನ್ನು ಚೌಕಟ್ಟು ಹಾಕಿಸಿ ಮೆಟ್ಟಿಲ ಬಳಿ ತೂಗುಹಾಕಿದ್ದಾರೆ. ದಿನಾ ಅದರ ಕೆಳಗೆ ಹಾದು ಹೋಗುತ್ತೇನೆ.

ಎಲ್ಲರೂ ಊಟಕ್ಕೆ ಹೋದರು. ಹಾಲ್‌ನಲ್ಲಿ ನಾವು ಮೂರೇ ಜನ. ನಡೆದದ್ದನ್ನೆಲ್ಲ ನಾನು ಹೇಳಿದೆ, ಕತ್ತರಿಸಿದ್ದು, ಬಿಗಿದದ್ದು, ಎಲ್ಲ. ಮೇಡಂ ಪೇಟ ತೆಗೆದು ಕುರ್ಚಿಯ ಮೇಲಿಟ್ಟು ಕೇಳುತ್ತ ಕೂತರು. ಹುಡುಗಿ ಎದ್ದು ಕಪಾಟಿನ ಹತ್ತಿರ ಹೋಗಿ ಒಂದೊಂದೇ ಸಂಪುಟ ತೆಗೆದು ತಡವುತ್ತಿದ್ದಳು, ಯಾವುದಾದರೂ ಒಂದು ತಪ್ಪಿಸಿಕೊಂಡಿರಬಹುದು ಎಂದು. ಒಂದೂ ತಪ್ಪಿಸಿಕೊಂಡಿರಲಿಲ್ಲ. ನಾನು ಓದಿ ಹೇಳುತ್ತೇನೆ, ಮತ್ತೆ ಚುಚ್ಚಿಸೋಣ ಎಂದೆ. ಮೇಡಂ ತಮ್ಮ ಊದಿದ ಬೆರಳುಗಳನ್ನು ನನ್ನ ಅಂಗೈಯಲ್ಲಿ ಇಟ್ಟರು. ಹುಡುಗಿಯ ಪರೀಕ್ಷೆ ಮುಂದಿನ ತಿಂಗಳು. ಅವಳು ಬರೆದಳು, ಹಳಗನ್ನಡದಲ್ಲಿ ಪಾಸಾಗಲಿಲ್ಲ, ಊರಿಗೆ ಹೋದಳು. ಆದರೆ ಅದು ಆಮೇಲಿನ ಮಾತು.

ಆವತ್ತು ಮೇಡಂ ಮಡಿಲಿನಲ್ಲಿದ್ದ ಸಂಪುಟವನ್ನು ಮುಚ್ಚಿದರು. ಮುಚ್ಚಿದಾಗ ಅವರ ಬೆರಳು ರಟ್ಟಿನ ಮೇಲೆ ಯಾವುದಕ್ಕೋ ತಡೆದು ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಅಲ್ಲೇ ಬಂತು.

"ಇಲ್ಲೇನೋ ಕೈಗೆ ಸಿಗ್ತಾ ಇದೆ ಕಣಮ್ಮ," ಎಂದರು.

ಹುಡುಗಿ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿ ಬಂದು, ತಾನೂ ಬೆರಳಿಟ್ಟು ತಡವಿದಳು. ಇದೆ ಮೇಡಂ, ಏನೋ ಇದೆ ಎಂದಳು. ಇಬ್ಬರೂ ನನ್ನ ಕಡೆ ಮುಖ ತಿರುಗಿಸಿದರು. ನಾನು ಬಾಗಿ ನೋಡಿದೆ. ಕೆಂಪು ಬಟ್ಟೆಯ ಮೇಲೆ ಬಿಸಿ ಅಚ್ಚು ಒತ್ತಿ ಬರೆದ ಬಂಗಾರದ ಬಣ್ಣದ ಅಕ್ಷರಗಳು.

"ನಿಮ್ಮ ಹೆಸರು ಮೇಡಂ," ಎಂದೆ.

ಅವರು ಮತ್ತೊಮ್ಮೆ ಮೊದಲಿನಿಂದ ಕೊನೆಯವರೆಗೆ ಬೆರಳಾಡಿಸಿದರು.

"ಈ ಅಕ್ಷರ ನಂಗೆ ಓದೋಕೆ ಬರಲ್ವಲ್ಲಮ್ಮ," ಎಂದರು.